ಸ್ಟೆಪ್ನಿ ಬಂದ ದಾರಿ

ಸ್ಟೆಪ್ನಿ ಅನ್ನೋ ಮಾತು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಕಾರಿಗೆ, ಬಸ್ಸಿಗೆ, ಲಾರಿಗೆ ಒಂದು ಚಕ್ರ ಜಾಸ್ತಿ ಇಟ್ಟುಕೊಂಡು ಹೋಗ್ತಾರಲ್ಲ, ಅದೇ ಸ್ಟೆಪ್ನಿ. ಮನೆಯಲ್ಲಿ ಕನ್ನಡ ಆಡೋ ನಾವೂ ಹಾಗೇ ಅಂತೀವಿ, ಬೀದಿಯಲ್ಲಿ ತಮಿಳು ಆಡೋರೂ ಹಾಗೇ ಅಂತಾರೆ, ಪಾಲ್ಘಾಟ್ ಕಡೆಯ ಮಲಯಾಳಿಗಳೂ ಹಾಗೇ ಅಂತಾರೆ. ಇದು ಇಂಗ್ಲಿಷ್ ಮಾತು ಅಂತ ಎಲ್ಲರೂ ತಿಳಿದಿದ್ದೇವೆ. ಆದರೆ ಇಂಗ್ಲೆಂಡಿನಲ್ಲಿ ಈಗ ಈ ಚಕ್ರಕ್ಕೆ ಸ್ಟೆಪ್ನಿ ಅನ್ನೋರು ಸಿಗೋದು ಕಷ್ಟ. ಅದು ಒಂದು ಬೀದಿಯ ಹೆಸರು. ಬೀದಿಯ ಹೆಸರು ಚಕ್ರಕ್ಕೆ ಹೇಗೆ ಬಂತು, ಆ ಚಕ್ರ ನಮ್ಮ ಕೊಯಮತ್ತೂರು, ತಿರುಪ್ಪೂರು ಸೀಮೆಗೆ ಹೇಗೆ ಬಂತು, ಬಂದ ಮೇಲೆ ಹೇಗೆ ಬದಲಾಯ್ತು ಅನ್ನೋದೇ ಈ ಬರಹ. ಇದು ಬರೀ ಹಳೆ ಕಥೆ ಅಂತ ಬಿಡಬೇಡಿ. ಈ ಚರಿತ್ರೆ ಗೊತ್ತಿಲ್ಲದೆ ಇರೋದರಿಂದ ಇವತ್ತು ಎಷ್ಟೋ ಕಾರುಗಳು ಹೆಂಗಸರು ಮಕ್ಕಳನ್ನು ತುಂಬಿಕೊಂಡು ಅಪಾಯದಲ್ಲಿ ಓಡ್ತಾ ಇವೆ.

ಮೊದಲು ನಮ್ಮ ಎತ್ತಿನ ಗಾಡಿಯಿಂದ ಶುರು ಮಾಡೋಣ. ಕಾಂಗೇಯಂ ಎತ್ತು ಕಟ್ಟಿ ಮರದ ಗಾಡಿ ಹೊಡೆದವರು ನಮ್ಮಲ್ಲಿ ಇನ್ನೂ ಇದ್ದಾರೆ. ಪೊಳ್ಳಾಚಿ ಸಂತೆಗೆ, ಉಡುಮಲೈ ಸಂತೆಗೆ ರಾತ್ರಿಯೆಲ್ಲ ಗಾಡಿ ಸಾಲು ಹೋಗ್ತಿತ್ತು. ಆ ಗಾಡಿಯ ಚಕ್ರ ಮಾಡುವಾಗ ಆಚಾರಿಗಳು ಒಂದೇ ಚಕ್ರ ಮಾಡ್ತಿರಲಿಲ್ಲ, ಜೊತೆ ಮಾಡ್ತಿದ್ದರು. ನಡುವೆ ಗುಂಬ, ಗುಂಬದಿಂದ ಹೊರಡೋ ಕಾಲುಗಳು, ಸುತ್ತ ಮರದ ಬಳೆ, ಅದರ ಮೇಲೆ ಕಬ್ಬಿಣದ ಪಟ್ಟೆ. ಮರದ ಬಳೆಯ ಸುತ್ತಳತೆ ತೆಗೆದು, ಪಟ್ಟೆಯನ್ನು ಅದಕ್ಕಿಂತ ಒಂಚೂರು ಚಿಕ್ಕದಾಗಿ ಬೆಸೆದು, ಬೆರಣಿ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಚಕ್ರಕ್ಕೆ ತೊಡಿಸಿ ನೀರು ಹೊಯ್ಯೋರು. ಪಟ್ಟೆ ಕುಗ್ಗಿ ಮರವನ್ನು ಬಿಗಿ ಹಿಡೀತಿತ್ತು. ಎರಡು ಚಕ್ರಕ್ಕೂ ಅಳತೆ ಒಂದೇ ಇರಬೇಕು. ಒಂದು ಚಕ್ರ ಚಿಕ್ಕದಾದರೆ ಗಾಡಿ ವಾಲ್ತದೆ, ಭಾರ ಒಂದು ಕಡೆ ಬೀಳ್ತದೆ, ನೊಗ ಒಂದು ಎತ್ತಿನ ಹೆಗಲಿಗೆ ಒತ್ತುತ್ತದೆ. ಹೆಗಲು ಹುಣ್ಣಾದ ಎತ್ತು ಉಳುಮೆಗೆ ಬರಲ್ಲ. ಅದಕ್ಕೇ ನಮ್ಮ ಹಿರಿಯರಿಗೆ ಚಕ್ರ ಅಂದರೆ ಜೊತೆ ಅನ್ನೋದು ರಕ್ತದಲ್ಲೇ ಇತ್ತು.

ಆದರೆ ಮರದ ಗಾಡಿಯಲ್ಲಿ ಒಂದು ಅನುಕೂಲ ಇತ್ತು. ಅಚ್ಚು ತಿರುಗೋದಿಲ್ಲ, ನಿಂತೇ ಇರ್ತದೆ. ಅಚ್ಚಿನ ತುದಿಯಲ್ಲಿ ಕಡಾಣಿ ಹಾಕಿದ ಚಕ್ರ ತನ್ನ ಪಾಡಿಗೆ ತಾನು ತಿರುಗ್ತದೆ. ಎಡದ ಚಕ್ರ ಎಷ್ಟು ಸುತ್ತು ಹಾಕ್ತು, ಬಲದ್ದು ಎಷ್ಟು ಹಾಕ್ತು ಅಂತ ಒಂದಕ್ಕೊಂದು ಲೆಕ್ಕ ಒಪ್ಪಿಸಬೇಕಾಗಿಲ್ಲ. ಎಳೆಯೋದು ಎತ್ತು, ಚಕ್ರ ಅಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

ಇನ್ನು ರಬ್ಬರಿನ ಕಥೆ. ರಬ್ಬರ್ ಹಾಲನ್ನು ಗಟ್ಟಿ ಮಾಡಿದರೆ ಬಿಸಿಲಿಗೆ ಅಂಟಾಗ್ತಿತ್ತು, ಚಳಿಗೆ ಒಡೀತಿತ್ತು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಅನ್ನೋರು ಗಂಧಕ ಸೇರಿಸಿ ಕಾಯಿಸಿದರೆ ರಬ್ಬರ್ ಗಟ್ಟಿಯಾಗಿ ನಿಲ್ತದೆ ಅಂತ ಕಂಡುಹಿಡಿದರು. 1845ರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ತಗೊಂಡರು, ಆದರೆ ಅದು ಆಗ ನಡೀಲಿಲ್ಲ. 1888ರಲ್ಲಿ ಬೆಲ್‌ಫಾಸ್ಟ್ ಊರಿನ ಜಾನ್ ಬಾಯ್ಡ್ ಡನ್ಲಪ್ ಅದನ್ನೇ ಮತ್ತೆ ಕಂಡುಕೊಂಡರು. ಅವರು ದನದ ಡಾಕ್ಟರು. ಮಗನ ಮೂರು ಚಕ್ರದ ಸೈಕಲ್ಲು ಕಲ್ಲು ದಾರಿಯಲ್ಲಿ ಕುಲುಕದೆ ಹೋಗಲಿ ಅಂತ ಗಾಳಿ ಟೈರು ಮಾಡಿಕೊಟ್ಟರು. 1895ರಲ್ಲಿ ಫ್ರಾನ್ಸಿನ ಮಿಶಲೆನ್ ಅಣ್ಣತಮ್ಮಂದಿರು ಪ್ಯಾರಿಸ್‌ನಿಂದ ಬೋರ್ಡೋ ಊರಿಗೆ ಹೋಗಿ ಬರೋ ಪಂದ್ಯದಲ್ಲಿ ಮೋಟಾರು ಕಾರಿಗೆ ಗಾಳಿ ಟೈರು ಹಾಕಿ ಓಡಿಸಿದರು. ದಾರಿಯುದ್ದಕ್ಕೂ ಪಂಚರೋ ಪಂಚರು, ಆದರೂ ಗುರಿ ಮುಟ್ಟಿದರು.

ದನದ ಡಾಕ್ಟರ ಹೆಸರು ಕೊನೆಗೆ ದನದ ಹಿಂದೆಯೇ ಬಂದು ನಿಂತಿತು ನೋಡಿ. 1936ರಲ್ಲಿ ಬಂಗಾಳದ ಸಾಹಾಗಂಜ್‌ನಲ್ಲಿ ಡನ್ಲಪ್ ಕಾರ್ಖಾನೆ ಶುರುವಾಯ್ತು. ಬರ್ತಾ ಬರ್ತಾ ಎತ್ತಿನ ಗಾಡಿಗೂ ರಬ್ಬರ್ ಟೈರು ಬಂತು. ಮೈಸೂರು, ಮಂಡ್ಯದ ನಮ್ಮ ನೆಂಟರು ಅದನ್ನು ಇವತ್ತಿಗೂ ಡನ್ಲಪ್ ಗಾಡಿ ಅಂತಾರೆ, ಯಾವ ಕಂಪನಿ ಟೈರು ಹಾಕಿದ್ದರೂ ಸರಿ. ನಮ್ಮ ಕಡೆ ಟೈರ್ ಗಾಡಿ ಅಂತೀವಿ. ಅದೇ ಜೋಡಿ ಎತ್ತು ಮೊದಲಿಗಿಂತ ಜಾಸ್ತಿ ಭಾರ ಎಳೆಯೋ ಹಾಗಾಯ್ತು, ಚಕ್ರ ಕೆಸರಿನಲ್ಲಿ ಹೂಳೋದು ಕಡಿಮೆಯಾಯ್ತು.

ಈಗ ಸ್ಟೆಪ್ನಿಗೆ ಬರೋಣ. 1900ರ ಸುಮಾರಿನ ಮೋಟಾರು ಕಾರಿಗೆ ಹೆಚ್ಚಿನ ಚಕ್ರ ಅಂತ ಇರಲಿಲ್ಲ. ಇದ್ದರೂ ಉಪಯೋಗ ಇರಲಿಲ್ಲ. ಯಾಕಂದರೆ ಬಹಳ ಕಾರುಗಳ ಚಕ್ರ ಈಗಿನ ಹಾಗೆ ನಟ್ಟು ಬಿಚ್ಚಿ ತೆಗೆಯೋ ಹಾಗಿರಲಿಲ್ಲ. ಕುದುರೆಗಳು ಓಡಾಡೋ ದಾರಿ, ಎಲ್ಲಿ ನೋಡಿದರೂ ಲಾಳದ ಮೊಳೆ. ಪಂಚರ್ ಆದರೆ ದಾರಿಯಲ್ಲೇ ಕೂತು, ಟೈರು ಎಬ್ಬಿಸಿ, ಟ್ಯೂಬು ಎಳೆದು, ತೇಪೆ ಹಾಕಿ, ಕೈ ಪಂಪಿನಲ್ಲಿ ಗಾಳಿ ಹೊಡೀಬೇಕು. ಮಳೆ ಬಂದರೂ ಅದೇ, ರಾತ್ರಿಯಾದರೂ ಅದೇ.

ಇಂಗ್ಲೆಂಡಿನ ಪಕ್ಕದಲ್ಲಿ ವೇಲ್ಸ್ ಅಂತ ಒಂದು ನಾಡು. ಅವರಿಗೂ ಬೇರೆ ಭಾಷೆ ಇದೆ. ಹೊರಗೆ ಇಂಗ್ಲಿಷು, ಮನೆಯೊಳಗೆ ವೆಲ್ಷ್ ಆಡೋರು ಅಲ್ಲಿ ಬಹಳ, ನಾವು ಇಲ್ಲಿ ಇರೋ ಹಾಗೇ. ಆ ನಾಡಿನ ಲಾನೆಲ್ಲಿ ಅನ್ನೋ ಊರು ತಗಡಿನ ಕೆಲಸಕ್ಕೆ ಹೆಸರಾಗಿತ್ತು. ಅಲ್ಲಿ ಸ್ಟೆಪ್ನಿ ಬೀದಿಯಲ್ಲಿ ಥಾಮಸ್ ಮಾರಿಸ್ ಡೇವಿಸ್ ಅನ್ನೋರು ತಮ್ಮ ಸೋದರ ವಾಲ್ಟರ್ ಜೊತೆ ಅಂಗಡಿ ಇಟ್ಟುಕೊಂಡಿದ್ದರು. ಇವರು 1904ರಲ್ಲಿ ಒಂದು ಉಪಾಯ ಮಾಡಿದರು. ಒಂದು ಕಬ್ಬಿಣದ ಬಳೆ, ಅದರ ಮೇಲೆ ಮೊದಲೇ ಗಾಳಿ ತುಂಬಿದ ಟೈರು. ನಡುವೆ ಗುಂಬವೂ ಇಲ್ಲ, ಕಾಲೂ ಇಲ್ಲ. ಪಂಚರ್ ಆದ ಚಕ್ರವನ್ನು ಬಿಚ್ಚೋದೇ ಬೇಡ. ಈ ಬಳೆಯನ್ನು ಅದರ ಪಕ್ಕಕ್ಕೆ ಇಟ್ಟು ಕೊಂಡಿ ಹಾಕಿ ಬಿಗಿದರೆ ಆಯ್ತು. ಸತ್ತ ಟೈರಿನ ಪಕ್ಕದಲ್ಲಿ ಬದುಕಿದ ಟೈರು ಭಾರ ಹೊತ್ತು ಮುಂದಿನ ಊರಿಗೆ ಮುಟ್ಟಿಸ್ತಿತ್ತು. ಕುಂಟೋನ ಪಕ್ಕ ಹೆಗಲು ಕೊಟ್ಟು ಮನೆ ಸೇರಿಸಿದ ಹಾಗೆ. ತಮ್ಮ ಬೀದಿಯ ಹೆಸರನ್ನೇ ಅದಕ್ಕೆ ಇಟ್ಟರು, ಸ್ಟೆಪ್ನಿ ಸ್ಪೇರ್ ವೀಲ್ ಅಂತ. ಆ ಹೆಸರಿನ ಕಂಪನಿಯೂ ಆಯ್ತು, ಚಕ್ರ ಬ್ರಿಟಿಷರ ದೇಶ ದೇಶಕ್ಕೂ ಹೋಯ್ತು.

ಆಮೇಲೆ ಕೆಲವೇ ವರ್ಷದಲ್ಲಿ ನಟ್ಟು ಬಿಚ್ಚಿ ಪೂರಾ ಚಕ್ರವನ್ನೇ ತೆಗೆಯೋ ಕಾರುಗಳು ಬಂದವು. ಬಳೆ ಸ್ಟೆಪ್ನಿ ಬೇಕಾಗಲಿಲ್ಲ. ಹುಟ್ಟಿದ ನಾಡಿನಲ್ಲಿ ಆ ಮಾತು ಮರೆತೇ ಹೋಯ್ತು. ಆದರೆ ನಮ್ಮ ಭಾರತದಲ್ಲಿ, ಬಾಂಗ್ಲಾದೇಶದಲ್ಲಿ, ಮಾಲ್ಟಾ ದ್ವೀಪದಲ್ಲಿ ಉಳೀತು. ಬ್ರೆಜಿಲ್ ದೇಶದಲ್ಲಿ ಎಸ್ಟೆಪಿ ಅಂತಾರೆ. ಹಾಡು ಹೇಳೋ ನಮಗೆ ಇದು ಆಶ್ಚರ್ಯ ಅಲ್ಲ. ಊರಲ್ಲಿ ಯಾರೂ ಆಡದ ಹಳೆ ಮಾತು ಸೋಬಾನೆ ಪದದೊಳಗೆ, ಪೂಜೆ ಪದದೊಳಗೆ ಕೂತಿರ್ತದೆ. ಮಾತು ಉಳೀತದೆ, ಅದರ ಅರ್ಥ ಮಾತ್ರ ಜಾರಿ ಹೋಗ್ತದೆ. ಸ್ಟೆಪ್ನಿಗೂ ಹಾಗೇ ಆಯ್ತು. ಮುಂದಿನ ಊರು ಮುಟ್ಟಿಸೋ ಚಕ್ರ ಅನ್ನೋದು ಅದರ ಹುಟ್ಟಿನ ಅರ್ಥ. ಅದು ಹೇಗೆ ಜಾರಿತು ಅಂತ ಹೇಳ್ತೀನಿ.

ನಮ್ಮ ಸೀಮೆಗೆ ಮೋಟಾರು ತಂದವರಲ್ಲಿ ದೊಡ್ಡ ಹೆಸರು ಜಿ. ಡಿ. ನಾಯ್ಡು ಅವರದು. 1893ರಲ್ಲಿ ಕೊಯಮತ್ತೂರು ಹತ್ತಿರದ ಕಲಂಗಲ್ ಊರಲ್ಲಿ ಹುಟ್ಟಿದರು. 1920ರಲ್ಲಿ ಒಂದೇ ಒಂದು ಬಸ್ಸು ಇಟ್ಟುಕೊಂಡು ಪೊಳ್ಳಾಚಿಯಿಂದ ಪಳನಿಗೆ ಓಡಿಸಿದರು, ತಾವೇ ಡ್ರೈವರು. ಅದು ಬೆಳೆದು ಯೂನಿವರ್ಸಲ್ ಮೋಟಾರ್ ಸರ್ವಿಸ್ ಆಯ್ತು. ಆ ಕಾಲದಿಂದ ಬಸ್ಸು ಲಾರಿಗೆ ಹೆಚ್ಚಿನ ಚಕ್ರ ಅಂದರೆ ಓಡೋ ಚಕ್ರದ ಹಾಗೇ ಪೂರಾ ಚಕ್ರ. ಆಮೇಲೆ ಅಂಬಾಸಿಡರ್ ಕಾರು ಬಂತು, ಫಿಯಟ್ ಬಂತು. ಡಿಕ್ಕಿಯಲ್ಲಿ ಇರೋ ಸ್ಟೆಪ್ನಿಗೂ ಕೆಳಗೆ ಓಡೋ ನಾಲ್ಕು ಚಕ್ರಕ್ಕೂ ಭೇದ ಇರಲಿಲ್ಲ. ಐದನ್ನೂ ಸರದಿ ಮೇಲೆ ಹಾಕಿ ಓಡಿಸ್ತಿದ್ದರು. ಪಂಚರ್ ಆದರೆ ಸ್ಟೆಪ್ನಿ ಹಾಕಿ ತಿಂಗಳುಗಟ್ಟಲೆ ಮರೆತರೂ ಏನೂ ಆಗ್ತಿರಲಿಲ್ಲ.

ಟೈರೂ ನಮ್ಮ ಪಕ್ಕದಲ್ಲೇ ಆಗತೊಡಗಿತು. 1946ರಲ್ಲಿ ಮದ್ರಾಸಿನ ತಿರುವೊಟ್ರಿಯೂರಿನಲ್ಲಿ ಆಟದ ಬಲೂನು ಮಾಡ್ತಿದ್ದ ಮಾಮ್ಮನ್ ಮಾಪಿಳ್ಳೈ ಅವರ ಎಂಆರ್‌ಎಫ್ ಕಂಪನಿ, 1952ರಲ್ಲಿ ಸವೆದ ಟೈರಿಗೆ ಹಾಕೋ ರಬ್ಬರ್ ಮಾಡ್ತು, 1960ರ ದಶಕದಲ್ಲಿ ಟೈರನ್ನೇ ಮಾಡ್ತು. ಮೈಸೂರಿನಲ್ಲಿ ವಿಕ್ರಾಂತ್ ಟೈರ್ ಕಾರ್ಖಾನೆ ಬಂತು, ಈಗ ಅದು ಜೆಕೆ ಟೈರ್ ಕೈಯಲ್ಲಿದೆ. ಕೇರಳದ ರಬ್ಬರ್ ತೋಟಗಳು ಹತ್ತಿರದಲ್ಲೇ ಇವೆ. ಹೀಗೆ ಎರಡು ಮೂರು ತಲೆಮಾರು ಕಳೀತು. ಸ್ಟೆಪ್ನಿ ಅಂದರೆ ಐದನೇ ಚಕ್ರ, ನಾಲ್ಕಕ್ಕೂ ಸಮ ಅನ್ನೋದು ನಮ್ಮ ಮನಸ್ಸಲ್ಲಿ ಊರಿಬಿಡ್ತು. ಅರ್ಥ ಜಾರಿದ್ದು ಇಲ್ಲೇ.

ಈ ನಡುವೆ ಚಕ್ರ ಬದಲಾಯ್ತು. 1970ರ ದಶಕದಲ್ಲಿ ಪೆಟ್ರೋಲು ಬೆಲೆ ಏರಿದಾಗ ಅಮೆರಿಕದ ಕಾರು ಕಂಪನಿಗಳು ಕಾರಿನ ಭಾರ ಇಳಿಸೋಕೆ ದಾರಿ ಹುಡುಕಿದವು. ದಿನಾ ಉಪಯೋಗಿಸದ ಸ್ಟೆಪ್ನಿಯನ್ನು ಸಣ್ಣದು, ತೆಳ್ಳನೆಯದು ಮಾಡಿದರು. ಡಿಕ್ಕಿಯಲ್ಲಿ ಜಾಗ ಉಳೀತು, ಭಾರ ಉಳೀತು, ದುಡ್ಡೂ ಉಳೀತು. ಇದು ತಾತ್ಕಾಲಿಕ ಚಕ್ರ. ಅದರ ಟೈರಿನ ಅಳತೆಯ ಮುಂದೆ ಇಂಗ್ಲಿಷಿನ ಟಿ ಅಕ್ಷರ ಇರ್ತದೆ. ಅದಕ್ಕೆ ಗಾಳಿಯೂ ಜಾಸ್ತಿ ಬೇಕು, 60 ಪೌಂಡು. ನಮ್ಮ ಮಾಮೂಲಿ ಕಾರು ಟೈರಿಗೆ 30ರಿಂದ 35 ಪೌಂಡು ಸಾಕು. ನಮ್ಮ ದೇಶದ ಕಾರುಗಳಲ್ಲಿ ಇನ್ನೊಂದು ಬಗೆ ಬಹಳ ಇದೆ. ಕೆಳಗೆ ಓಡೋ ನಾಲ್ಕೂ ಅಗಲದ ಟೈರು, ಹೊಳೆಯೋ ಅಲಾಯ್ ಚಕ್ರ. ಡಿಕ್ಕಿಯಲ್ಲಿ ಮಾತ್ರ ಕಬ್ಬಿಣದ ಚಕ್ರ, ಒಂದು ಇಂಚೋ ಎರಡು ಇಂಚೋ ಚಿಕ್ಕದು. ಅದರ ಮೇಲೆ ಗಂಟೆಗೆ 80 ಕಿಲೋಮೀಟರ್ ಮೀರಬೇಡಿ ಅಂತ ಚೀಟಿ ಅಂಟಿಸಿರ್ತಾರೆ. 2020ರಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, ಟೈರಿನ ಗಾಳಿ ತಿಳಿಸೋ ಯಂತ್ರವೂ ಪಂಚರ್ ಮುಚ್ಚೋ ಸಾಮಾನೂ ಇರೋ ಕಾರಿಗೆ ಸ್ಟೆಪ್ನಿ ಇಲ್ಲದಿದ್ದರೂ ನಡೀತದೆ ಅಂತ ಮಾಡಿದೆ. ಅಂದರೆ ಸ್ಟೆಪ್ನಿ ತನ್ನ ಹಳೆ ಕೆಲಸಕ್ಕೇ ವಾಪಸು ಬಂದಿದೆ. ಡೇವಿಸ್ ಅವರ ಬಳೆ ಮಾಡ್ತಿದ್ದ ಕೆಲಸ, ಮುಂದಿನ ಊರು ಮುಟ್ಟಿಸೋದು. ಆದರೆ ನಮ್ಮ ಅಭ್ಯಾಸ ಅಂಬಾಸಿಡರ್ ಕಾಲದಲ್ಲೇ ನಿಂತಿದೆ. ಸಣ್ಣ ಸ್ಟೆಪ್ನಿ ಹಾಕಿ ಮದುವೆಗೆ ಹೋಗ್ತಾರೆ, ಹಬ್ಬಕ್ಕೆ ಹೋಗ್ತಾರೆ, ಎಂಟು ಜನ ಹತ್ತಿಸ್ತಾರೆ. ಅಪಾಯ ಇರೋದು ಇಲ್ಲಿ.

ಚಿಕ್ಕ ಚಕ್ರ ಹಾಕಿದರೆ ಏನಾಗ್ತದೆ? ಎತ್ತಿನ ಗಾಡಿಯಲ್ಲಿ ಎಳೆಯೋದು ಎತ್ತು ಅಂದೆನಲ್ಲ. ಕಾರಿನಲ್ಲಿ ಎಳೆಯೋದು ಚಕ್ರವೇ. ಇಂಜಿನ್ನಿನ ಬಲ ಎರಡು ಚಕ್ರಕ್ಕೆ ಹಂಚಿ ಹೋಗಬೇಕು. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಹೋಗಬೇಕು, ಒಳಗಿನದು ಕಡಿಮೆ. ನಮ್ಮ ಒಯಿಲಾಟ, ಕುಮ್ಮಿ ಆಡೋರಿಗೆ ಇದು ಗೊತ್ತು. ಸಾಲಾಗಿ ನಿಂತು ಸುತ್ತು ತಿರುಗುವಾಗ ಒಳಗಡೆ ಇರೋನು ಸಣ್ಣ ಹೆಜ್ಜೆ, ಹೊರಗಡೆ ಇರೋನು ದೊಡ್ಡ ಹೆಜ್ಜೆ ಹಾಕಿದರೇ ಸಾಲು ನೆಟ್ಟಗಿರ್ತದೆ. ಮೋಟಾರಿನಲ್ಲಿ ಈ ಹೆಜ್ಜೆ ಹೊಂದಿಸೋ ಹಲ್ಲುಚಕ್ರದ ಗೂಡಿಗೆ ಡಿಫರೆನ್ಷಿಯಲ್ ಅಂತಾರೆ. ಲಾರಿಯ ಹಿಂದಿನ ಅಚ್ಚಿನ ನಡುವೆ ಕುಂಬಳಕಾಯಿ ಹಾಗೆ ಉಬ್ಬಿರ್ತದಲ್ಲ, ಅದೇ. ಮೋಟಾರು ಬರೋದಕ್ಕೂ ಮೊದಲೇ, 1828ರ ಸುಮಾರಿಗೆ, ಫ್ರಾನ್ಸಿನ ಪೆಕ್ಯೂರ್ ಅನ್ನೋರು ಉಗಿಬಂಡಿಗಾಗಿ ಇದನ್ನು ಮಾಡಿದ್ದರು. ಇದರ ಕೆಲಸ ತಿರುವಿನಲ್ಲಿ ಮಾತ್ರ. ನೇರ ದಾರಿಯಲ್ಲಿ ಅದಕ್ಕೆ ವಿಶ್ರಾಂತಿ. ಒಂದು ಕಡೆ ದೊಡ್ಡ ಚಕ್ರ, ಇನ್ನೊಂದು ಕಡೆ ಚಿಕ್ಕದು ಹಾಕಿದಿರೋ, ನೇರ ದಾರಿಯಲ್ಲೂ ಅದಕ್ಕೆ ಬಿಡುವಿಲ್ಲ. ಒಳಗೆ ಕಾವು ಏರ್ತದೆ, ಹಲ್ಲು ಸವೀತದೆ.

ಚಿಕ್ಕದು ದೊಡ್ಡದು ಅನ್ನೋದನ್ನು ಕಣ್ಣಲ್ಲಿ ನೋಡಿ ಹೇಳಬಾರದು, ಲೆಕ್ಕ ಹಾಕಬೇಕು. ಇದು ನಮ್ಮ ಶಾಲೆಯ ಮೇಷ್ಟ್ರುಗಳಿಗೆ ಒಳ್ಳೇ ಪಾಠ. ಟೈರಿನ ಪಕ್ಕದಲ್ಲಿ 165/80 ಆರ್ 14 ಅಂತ ಬರೆದಿರ್ತದೆ. 165 ಅಂದರೆ ಟೈರಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. 80 ಅಂದರೆ ಆ ಅಗಲದ ನೂರಕ್ಕೆ 80 ಪಾಲು ಟೈರಿನ ಗೋಡೆಯ ಎತ್ತರ, ಅಂದರೆ 132 ಮಿಲಿಮೀಟರ್. ಆರ್ ಅಂದರೆ ರೇಡಿಯಲ್ ಜಾತಿ. 14 ಅಂದರೆ ನಡುವಿನ ಕಬ್ಬಿಣದ ಚಕ್ರ 14 ಇಂಚು, ಅಂದರೆ 355.6 ಮಿಲಿಮೀಟರ್. ಮೇಲೊಂದು ಗೋಡೆ, ಕೆಳಗೊಂದು ಗೋಡೆ ಸೇರಿಸಿದರೆ ಪೂರಾ ಎತ್ತರ 619.6 ಮಿಲಿಮೀಟರ್. ಅದನ್ನು 3.14ರಿಂದ ಗುಣಿಸಿದರೆ ಒಂದು ಸುತ್ತಿಗೆ ಓಡೋ ದೂರ ಸುಮಾರು 1,946 ಮಿಲಿಮೀಟರ್. ಒಂದು ಕಿಲೋಮೀಟರಿಗೆ ಸುಮಾರು 514 ಸುತ್ತು.

ಈಗ 185/65 ಆರ್ 15 ಅನ್ನೋ ಟೈರು ತಗೊಳ್ಳಿ. ಹೆಸರಿನಲ್ಲಿ ಪೂರಾ ಬೇರೆ. ಲೆಕ್ಕ ಹಾಕಿದರೆ ಎತ್ತರ 621.5 ಮಿಲಿಮೀಟರ್, ಕಿಲೋಮೀಟರಿಗೆ ಸುಮಾರು 512 ಸುತ್ತು. ಎರಡಕ್ಕೂ ವ್ಯತ್ಯಾಸ ಇಲ್ಲ ಅನ್ನೋ ಅಷ್ಟು ಕಡಿಮೆ. ಅದಕ್ಕೇ ಕೆಲವು ಕಾರಿಗೆ 15 ಇಂಚಿನ ಚಕ್ರ ನಾಲ್ಕು ಕೊಟ್ಟು, 14 ಇಂಚಿನ ಸ್ಟೆಪ್ನಿ ಕೊಡ್ತಾರೆ. ಎತ್ತರ ಒಂದೇ, ಆದರೆ ಅಗಲ ಕಡಿಮೆ, ಹಿಡಿತ ಬೇರೆ. ಹಾಗಾಗಿ ಅದೂ ಬರೀ ಊರು ಸೇರಿಸೋಕೇ. ಇನ್ನು 155/65 ಆರ್ 14 ನೋಡಿ. ಕಬ್ಬಿಣದ ಚಕ್ರ 14 ಇಂಚೇ, ಅದೇ ಕಾರಿಗೆ ಕೂರಲೂಬಹುದು. ಆದರೆ ಎತ್ತರ 557 ಮಿಲಿಮೀಟರ್, ಕಿಲೋಮೀಟರಿಗೆ ಸುಮಾರು 571 ಸುತ್ತು. ಪಕ್ಕದ ಚಕ್ರಕ್ಕಿಂತ 57 ಸುತ್ತು ಜಾಸ್ತಿ. ಕೊಯಮತ್ತೂರಿನಿಂದ ಪೊಳ್ಳಾಚಿಗೆ ಸುಮಾರು 40 ಕಿಲೋಮೀಟರ್. ಅಷ್ಟರಲ್ಲಿ ಒಂದು ಚಕ್ರ ಇನ್ನೊಂದಕ್ಕಿಂತ 2,200ಕ್ಕೂ ಹೆಚ್ಚು ಸುತ್ತು ಜಾಸ್ತಿ ತಿರುಗಿರ್ತದೆ. 14 ಇಂಚಿಗೆ 14 ಇಂಚು ಸರಿ ಹೋಯ್ತು ಅಂತ ಹಳೆ ಟೈರು ಅಂಗಡಿಯಿಂದ ತಂದು ಹಾಕೋರು ಈ ಲೆಕ್ಕ ನೋಡಬೇಕು. ಬ್ರೇಕ್ ಹಿಡಿದಾಗ ಕಾರು ಒಂದು ಕಡೆಗೆ ಎಳೀತದೆ. ಚಕ್ರ ಜಾರದ ಹಾಗೆ ಬ್ರೇಕ್ ನೋಡಿಕೊಳ್ಳೋ ಎಬಿಎಸ್ ಯಂತ್ರಕ್ಕೂ ಸುತ್ತಿನ ಲೆಕ್ಕ ತಪ್ಪಿ ಗೊಂದಲ ಆಗ್ತದೆ.

ಈ ವಿಷಯ ನನಗೆ ಮನಸ್ಸಿಗೆ ನಾಟಿದ್ದು ಒಂದು ಪ್ರಯಾಣದಲ್ಲಿ. ಚಾಮರಾಜನಗರದ ಕಡೆ ಹಾಡು ಹೇಳಿ ನಮ್ಮ ತಂಡ ಬಾಡಿಗೆ ಕಾರಿನಲ್ಲಿ ವಾಪಸು ಬರ್ತಿದ್ದೆವು. ಹಾಸನೂರು ಹತ್ತಿರ ಮುಂದಿನ ಎಡ ಚಕ್ರ ಪಂಚರ್ ಆಯ್ತು. ಮುಂದೆ ದಿಂಬಂ ಘಾಟಿ, 27 ಕೊಂಡಿ ತಿರುವು. ಡ್ರೈವರ್ ಹುಡುಗ ಮಟ್ಟಸ ಜಾಗ ನೋಡಿ ನಿಲ್ಲಿಸಿದ, ನಮ್ಮನ್ನೆಲ್ಲ ಇಳಿಸಿದ, ಚಕ್ರಕ್ಕೆ ಕಲ್ಲು ಕೊಟ್ಟ. ಆಮೇಲೆ ಹಿಂದಿನ ಒಳ್ಳೇ ಚಕ್ರವನ್ನು ಬಿಚ್ಚೋಕೆ ಶುರು ಮಾಡಿದ. ನಮ್ಮ ತಂಡದ ಹಿರಿಯರು ಒಬ್ಬರು ಕೇಳಿದರು, "ಏನಪ್ಪಾ ತಮ್ಮಾ, ಪಂಚರ್ ಆಗಿರೋದು ಮುಂದಿಂದು, ನೀನು ಹಿಂದಿಂದು ಬಿಚ್ತಾ ಇದ್ದೀಯಲ್ಲ?"

ಅವನು ಕೈ ನಿಲ್ಲಿಸದೆ ಹೇಳಿದ, "ಈ ಕಾರು ಎಳೆಯೋದು ಮುಂದಿನ ಚಕ್ರದಿಂದ, ತಾತಾ. ತಿರುಗಿಸೋದೂ ಅದರಿಂದಲೇ, ಬ್ರೇಕಿನ ಭಾರ ಬೀಳೋದೂ ಅದರ ಮೇಲೇ. ಸ್ಟೆಪ್ನಿ ಚಿಕ್ಕದು. ಹಿಂದಿನ ಒಳ್ಳೇದನ್ನ ಮುಂದಕ್ಕೆ ಹಾಕಿ, ಚಿಕ್ಕದನ್ನ ಹಿಂದಕ್ಕೆ ಹಾಕ್ತೀನಿ. ಅರ್ಧ ಗಂಟೆ ತಡ ಆಗ್ತದೆ, ಪರವಾಗಿಲ್ಲ."

ಹಾಗೇ ಮಾಡಿ, ಎರಡನೇ ಗೇರಿನಲ್ಲಿ ಮೆಲ್ಲಗೆ ಘಾಟಿ ಇಳಿಸಿದ. ಸತ್ಯಮಂಗಲಕ್ಕೆ ಬಂದ ಕೂಡಲೇ ಪಂಚರ್ ಅಂಗಡಿಯಲ್ಲಿ ನಿಲ್ಲಿಸಿ, ಅಸಲು ಚಕ್ರ ಹಾಕಿಸಿಕೊಂಡೇ ಮುಂದೆ ಹೊರಟ. ಆ ಹುಡುಗ ಸ್ಟೆಪ್ನಿ ಬೀದಿಯ ಹೆಸರು ಕೇಳಿರಲಿಕ್ಕಿಲ್ಲ. ಆದರೆ ಡೇವಿಸ್ ಅವರು ಆ ಚಕ್ರವನ್ನು ಯಾಕೆ ಮಾಡಿದರೋ ಅದಕ್ಕೇ ಅವನು ಅದನ್ನು ಉಪಯೋಗಿಸಿದ.

ಅವನ ಮಾತಲ್ಲೂ ಒಂದು ಚರಿತ್ರೆ ಇದೆ. ಅಂಬಾಸಿಡರ್ ಕಾರಿನಲ್ಲಿ ಎಳೀತಿದ್ದದ್ದು ಹಿಂದಿನ ಚಕ್ರ. 1983ರ ಕೊನೆಯಲ್ಲಿ ಮಾರುತಿ 800 ಬಂದ ಮೇಲೆ ಮುಂದಿನ ಚಕ್ರ ಎಳೆಯೋ ಕಾರುಗಳು ನಮ್ಮ ರಸ್ತೆ ತುಂಬಿದವು. ಇವತ್ತು ನಮ್ಮ ಊರಿನ ಸಣ್ಣ ಕಾರುಗಳು ಹೆಚ್ಚಿನವು ಆ ಜಾತಿಯವೇ. ನಿಮ್ಮ ಕಾರು ಯಾವ ಚಕ್ರದಿಂದ ಎಳೀತದೆ ಅಂತ ತಿಳಿದುಕೊಂಡು, ಚಿಕ್ಕ ಸ್ಟೆಪ್ನಿಯನ್ನು ಎಳೆಯೋ ಕಡೆ ಹಾಕದೆ ಇರೋದು ಒಳ್ಳೇದು.

ಟೈರಿನ ಜಾತಿಯೂ ಗಮನಿಸಬೇಕು. ಹಳೆ ಟೈರಿನಲ್ಲಿ ಒಳಗಿನ ದಾರಗಳು ಅಡ್ಡಡ್ಡ ಹೆಣೆದಿರ್ತವೆ. ರೇಡಿಯಲ್ ಟೈರಿನಲ್ಲಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ ಹೋಗ್ತವೆ. ನಮ್ಮಲ್ಲಿ ಮಗ್ಗದ ಮನೆಗಳು ಬಹಳ ಇವೆ, ದೇವಾಂಗದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ನೇಯ್ಗೆ ಬೇರೆಯಾದರೆ ಬಟ್ಟೆ ಎಳೆಯೋ ರೀತಿ ಬೇರೆ. ಟೈರೂ ಅಷ್ಟೇ. ತಿರುವಿನಲ್ಲಿ ಎರಡು ಜಾತಿ ಎರಡು ರೀತಿ ಬಾಗ್ತವೆ. ಆದ್ದರಿಂದ ಒಂದೇ ಅಚ್ಚಿಗೆ ಒಂದು ಕಡೆ ರೇಡಿಯಲ್, ಇನ್ನೊಂದು ಕಡೆ ಹಳೆ ಜಾತಿ ಹಾಕಲೇಬಾರದು.

ಇದನ್ನೆಲ್ಲ ಒಟ್ಟು ಮಾಡಿ ನಾಲ್ಕು ಮಾತು ಹೇಳ್ತೀನಿ. ಮನೆಯಲ್ಲಿ ಕಾರು ಇರೋರು, ಬಾಡಿಗೆ ಕಾರಿನಲ್ಲಿ ಹೋಗೋರು ಇಬ್ಬರೂ ನೆನಪಿಡಿ.

ಒಂದು, ಒಂದು ಅಚ್ಚಿನ ಎರಡು ಚಕ್ರ ಯಾವಾಗಲೂ ಜೊತೆ. ಅಳತೆ ಒಂದೇ, ಜಾತಿ ಒಂದೇ, ಸವೆತವೂ ಹೆಚ್ಚುಕಡಿಮೆ ಒಂದೇ ಇರಬೇಕು. ದುಡ್ಡಿಲ್ಲ, ಎರಡೇ ಹೊಸ ಟೈರು ತಗೊಳ್ಳೋಕಾಗೋದು ಅಂದರೆ ಎರಡನ್ನೂ ಒಂದೇ ಅಚ್ಚಿಗೆ ಹಾಕಿ. ಗೆರೆಯ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದ ಟೈರನ್ನು ಕಾರಿನಲ್ಲಿ ಓಡಿಸೋದು ಕಾನೂನಿಗೂ ವಿರುದ್ಧ.

ಎರಡು, ಅಳತೆ ಬೇರೆ ಇರೋ ಸ್ಟೆಪ್ನಿ ಹಾಕಿದರೆ 80 ಕಿಲೋಮೀಟರ್ ವೇಗ ಮೀರಬೇಡಿ. ಘಾಟಿಯಲ್ಲಿ, ಮಳೆಯಲ್ಲಿ ಇನ್ನೂ ಮೆಲ್ಲಗೆ. ಭಾರ ಕಡಿಮೆ ಮಾಡಿ. ಮೊದಲು ಸಿಗೋ ಪಂಚರ್ ಅಂಗಡಿಯಲ್ಲಿ ಅಸಲು ಚಕ್ರ ಸರಿ ಮಾಡಿಸಿ. ಪೊಳ್ಳಾಚಿಯಿಂದ ವಾಲ್ಪಾರೈಗೆ 40 ಕೊಂಡಿ ತಿರುವು ಇವೆ, ಸಣ್ಣ ಸ್ಟೆಪ್ನಿಯಲ್ಲಿ ಆ ಘಾಟಿ ಹತ್ತೋದು ಬೇಡವೇ ಬೇಡ.

ಮೂರು, ಸ್ಟೆಪ್ನಿಗೂ ಗಾಳಿ ನೋಡಿ. ಎಷ್ಟು ಬೇಕು ಅಂತ ಡ್ರೈವರ್ ಬಾಗಿಲಿನ ಪಕ್ಕದ ಚೀಟಿಯಲ್ಲೋ ಕಾರಿನ ಪುಸ್ತಕದಲ್ಲೋ ಇರ್ತದೆ. ಬಿಸಿಲು ಕಾಣದೆ ಡಿಕ್ಕಿಯಲ್ಲಿ ಮಲಗಿದ್ದರೂ ರಬ್ಬರಿಗೆ ವಯಸ್ಸಾಗ್ತದೆ. ಟೈರಿನ ಮೇಲೆ ನಾಲ್ಕು ಅಂಕಿ ಒತ್ತಿರ್ತಾರೆ. 2319 ಅಂತ ಇದ್ದರೆ 2019ನೇ ವರ್ಷದ 23ನೇ ವಾರದಲ್ಲಿ ಮಾಡಿದ್ದು ಅಂತ ಅರ್ಥ. ಟೈರಿನ ಜಾತಕ ಅದು, ಓದೋಕೆ ಕಲೀರಿ.

ನಾಲ್ಕು, ನಟ್ಟುಗಳನ್ನು ಸಾಲಾಗಿ ಬಿಗೀಬೇಡಿ, ಎದುರುಬದುರು ಬಿಗಿಯಿರಿ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ ಮತ್ತೆ ಬಿಗಿಯಿರಿ. ಕೆಲವು ಕಾರಿನಲ್ಲಿ ಅಲಾಯ್ ಚಕ್ರದ ನಟ್ಟು ಬೇರೆ, ಕಬ್ಬಿಣದ ಚಕ್ರದ ನಟ್ಟು ಬೇರೆ. ಪುಸ್ತಕದಲ್ಲಿ ಏನು ಹೇಳಿದೆ ಅಂತ ಮನೆಯಲ್ಲಿರುವಾಗಲೇ ನೋಡಿಟ್ಟುಕೊಳ್ಳಿ. ಜಾಕಿ ಕೊಟ್ಟ ಕಾರಿನ ಕೆಳಗೆ ಯಾರೂ ತಲೆ ಹಾಕಬಾರದು.

ಬೇಸಾಯದವರಿಗೆ ಇನ್ನೊಂದು ಮಾತು. ನಾಲ್ಕು ಚಕ್ರವೂ ಎಳೆಯೋ ಟ್ರ್ಯಾಕ್ಟರಿನಲ್ಲಿ ಮುಂದಿನದು ಚಿಕ್ಕದು, ಹಿಂದಿನದು ದೊಡ್ಡದು. ಹಾಗಂತ ಅಲ್ಲಿ ಯಾವ ಅಳತೆ ಹಾಕಿದರೂ ಆಗ್ತದೆ ಅಂತ ತಿಳೀಬೇಡಿ. ಮುಂದೆ ಎಷ್ಟು ಸುತ್ತು, ಹಿಂದೆ ಎಷ್ಟು ಸುತ್ತು ಅಂತ ಒಳಗಿನ ಹಲ್ಲುಚಕ್ರದಲ್ಲೇ ಲೆಕ್ಕ ಕಟ್ಟಿರ್ತಾರೆ. ಅಗ್ಗಕ್ಕೆ ಸಿಕ್ಕಿತು ಅಂತ ಮುಂದಿನ ಎರಡಕ್ಕೆ ಮಾತ್ರ ಬೇರೆ ಅಳತೆ ಹಾಕಿದರೆ ಮುಂದಿನದೂ ಹಿಂದಿನದೂ ಒಂದಕ್ಕೊಂದು ಜಗಳ ಆಡ್ತವೆ. ಟೈರಿನಲ್ಲಿ ಉಳಿಸಿದ ದುಡ್ಡಿಗಿಂತ ಜಾಸ್ತಿ ಗೇರು ಪೆಟ್ಟಿಗೆಗೆ ಹೋಗ್ತದೆ. ನಾಲ್ಕೂ ಎಳೆಯೋ ಜೀಪು, ಕಾರಿಗೂ ಇದೇ ಮಾತು, ಅದರಲ್ಲಿ ನಾಲ್ಕೂ ಒಂದೇ ಸಮ ಇರಬೇಕು.

ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಮಕ್ಕಳನ್ನು ಕೊಯಮತ್ತೂರಿಗೆ ಕರೆದುಕೊಂಡು ಹೋದಾಗ ಅವಿನಾಶಿ ರಸ್ತೆಯ ಜೀಡಿ ಕಾರ್ ಮ್ಯೂಸಿಯಂ ತೋರಿಸಿ. ಹಳೆಯ ಕಾರುಗಳು ಸಾಲಾಗಿ ನಿಂತಿವೆ. ಮಕ್ಕಳು ಬಣ್ಣ ನೋಡ್ತಾರೆ, ನೀವು ಚಕ್ರ ತೋರಿಸಿ. ಯಾವುದಕ್ಕೆ ಮರದ ಕಾಲು, ಯಾವುದಕ್ಕೆ ತಂತಿ ಕಾಲು, ಯಾವುದರಲ್ಲಿ ಸ್ಟೆಪ್ನಿ ಪಕ್ಕಕ್ಕೆ ಕಟ್ಟಿದ್ದಾರೆ, ಯಾವುದರಲ್ಲಿ ಹಿಂದಕ್ಕೆ ಕಟ್ಟಿದ್ದಾರೆ ಅಂತ ಕೇಳಿ. ಶಾಲೆಗೆ ಬಂದ ಮೇಲೆ ಊರಿನ ಕಾರುಗಳ ಟೈರಿನ ಅಂಕಿ ಬರೆದುಕೊಂಡು ಬಾ ಅಂತ ಕಳಿಸಿ, ಮೇಲಿನ ಲೆಕ್ಕ ಮಾಡಿಸಿ. ಯಾವ ಮನೆಯ ಕಾರಿನಲ್ಲಿ ಎಡಕ್ಕೊಂದು ಬಲಕ್ಕೊಂದು ಅಳತೆ ಇದೆ ಅಂತ ಮಕ್ಕಳೇ ಕಂಡುಹಿಡಿದು ಅಪ್ಪನಿಗೆ ಹೇಳ್ತಾರೆ. ನಾವು ಹೇಳಿದರೆ ಕೇಳದವರು ಮಗಳು ಹೇಳಿದರೆ ಕೇಳ್ತಾರೆ.

ನಮ್ಮ ಆಚಾರಿಗಳು ಚಕ್ರವನ್ನು ಜೊತೆಯಾಗಿ ಮಾಡಿದರು. ವೇಲ್ಸ್ ನಾಡಿನ ಅಂಗಡಿಯವರು ಕುಂಟೋ ಚಕ್ರಕ್ಕೆ ಊರು ಮುಟ್ಟೋವರೆಗೆ ಹೆಗಲು ಕೊಡೋ ಚಕ್ರ ಮಾಡಿದರು. ಈ ಎರಡು ಬುದ್ಧಿ ಸೇರಿದರೆ ಇಷ್ಟೇ. ಓಡೋಕೆ ಜೊತೆ ಚಕ್ರ, ಊರು ಸೇರೋಕೆ ಸ್ಟೆಪ್ನಿ. ನೆಂಟ ಮನೆಗೆ ಬಂದರೆ ಎರಡು ದಿನ ಉಪಚಾರ ಮಾಡಿ ಕಳಿಸಬೇಕು, ಹೊಲ ಉಳೋಕೆ ಕಟ್ಟಬಾರದು. ಸ್ಟೆಪ್ನಿಯೂ ಹಾಗೇ ನೆಂಟ. ಕೆಲಸ ಆದ ಮೇಲೆ ಡಿಕ್ಕಿಗೆ ಕಳಿಸಿಕೊಡಿ.